ತಳಿ ಬೆರೆತರೆ ರೋಗ ಬಿಡುವುದೇ?

ಸಾಕುಪ್ರಾಣಿ ಪ್ರಶ್ನೋತ್ತರ

ಈಚೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯಲ್ಲೇ ನಾಯಿಗೆ ಮರಿ ಹಾಕಿಸುವ ಬಗ್ಗೆ, ಅದರಲ್ಲೂ ಎರಡು ತಳಿಗಳನ್ನು ಬೆರೆಸಿ ಮರಿ ಮಾಡಿಸುವ ಬಗ್ಗೆ ಇದ್ದವು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದ ಕಡೆ ಒಂದು ಪತ್ರವನ್ನು ಮಾತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಮನೆಯ ಹೆಣ್ಣು ಲ್ಯಾಬ್ರಡಾರ್‌ಗೆ ಎರಡೂವರೆ ವರ್ಷ. ಬೆಂಗಳೂರಿನಲ್ಲಿರುವ ಅಣ್ಣನ ಮನೆಯಲ್ಲಿ ಗಂಡು ಪೂಡ್ಲ್ ಇದೆ. ಎರಡೂ ಗಟ್ಟಿಮುಟ್ಟಾಗಿವೆ, ಲಸಿಕೆ ತಪ್ಪಿಸಿಲ್ಲ. ಮುಂದಿನ ಬೆದೆಯಲ್ಲಿ ಕ್ರಾಸ್ ಮಾಡಿಸಬೇಕೆಂದಿದ್ದೇವೆ. ಮಿಶ್ರತಳಿಗೆ ವಂಶದ ರೋಗಗಳು ಬರುವುದಿಲ್ಲ, ಕೂದಲು ಉದುರುವುದಿಲ್ಲ, ಅಲರ್ಜಿ ಇರುವವರೂ ಸಾಕಬಹುದು ಎಂದು ಕೇಳಿದ್ದೇನೆ. ಹಾಗಿದ್ದ ಮೇಲೆ ದುಡ್ಡು ಖರ್ಚು ಮಾಡಿ ಪರೀಕ್ಷೆ ಮಾಡಿಸುವ ಅಗತ್ಯವಿದೆಯೇ?
— ಗೃಹಿಣಿ, ಮೈಸೂರು

ಉತ್ತರ: ನೀವು ಕೇಳಿರುವ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆ ಸ್ವಲ್ಪ ಎಷ್ಟು ಎಂಬುದು ಗೊತ್ತಾದರೆ ನಿಮ್ಮ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ.

ಪ್ರತಿಯೊಂದು ಜೀನ್ ಜೋಡಿಯಾಗಿರುತ್ತದೆ. ಒಂದು ಪ್ರತಿ ತಾಯಿಯಿಂದ ಬಂದರೆ ಇನ್ನೊಂದು ತಂದೆಯಿಂದ ಬರುತ್ತದೆ. ನಾಯಿಗಳ ಆನುವಂಶಿಕ ರೋಗಗಳಲ್ಲಿ ಅನೇಕವು ಎರಡೂ ಪ್ರತಿಗಳು ಕೆಟ್ಟಿದ್ದಾಗ ಮಾತ್ರ ಮೈದೋರುತ್ತವೆ. ಒಂದೇ ಪ್ರತಿ ಕೆಟ್ಟಿರುವ ನಾಯಿ ಆ ರೋಗದ ಮಟ್ಟಿಗೆ ಬದುಕಿಡೀ ಆರೋಗ್ಯವಾಗಿಯೇ ಇರುತ್ತದೆ, ಆದರೆ ಕೆಟ್ಟ ಪ್ರತಿಯನ್ನು ಮರಿಗಳಿಗೆ ದಾಟಿಸಬಲ್ಲದು. ಪ್ರಯೋಗಾಲಯದ ವರದಿಯಲ್ಲಿ ಇಂಥ ನಾಯಿಯನ್ನು ‘ಕ್ಯಾರಿಯರ್’ ಎಂದು ಬರೆದಿರುತ್ತಾರೆ. ಎರಡು ಬೇರೆ ಬೇರೆ ತಳಿಗಳು ಬೆರೆತಾಗ, ಒಂದು ತಳಿಯಲ್ಲಿ ಮಾತ್ರ ಇರುವ ಇಂಥ ರೋಗ ಮೊದಲ ತಲೆಮಾರಿನ ಮರಿಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಉದಾಹರಣೆಗೆ, ಚೆಂಡಿನ ಹಿಂದೆ ಜೋರಾಗಿ ಓಡಿ ಕಾಲು ಗಂಟೆಯೊಳಗೆ ಹಿಂಗಾಲು ಸೋತು ಕುಸಿಯುವ ರೋಗವೊಂದು ಲ್ಯಾಬ್ರಡಾರ್‌ಗಳಲ್ಲಿದೆ. ಪೂಡ್ಲ್ ಕಡೆಯಿಂದ ಸರಿಯಾದ ಪ್ರತಿ ಬಂದರೆ ಮರಿ ಕುಸಿಯುವುದಿಲ್ಲ. ಮಿಶ್ರತಳಿ ಗಟ್ಟಿ ಎಂಬ ಮಾತಿನ ಹಿಂದಿರುವ ಸತ್ಯ ಇಷ್ಟೇ. ಆದರೆ ಅಡಗಿದ್ದು ಅಳಿದಂತಲ್ಲ. ಆ ಮರಿಗಳನ್ನೇ ಮುಂದೆ ಒಂದಕ್ಕೊಂದು ಜೋಡಿ ಮಾಡಿಸಿದರೆ ಎರಡನೆಯ ತಲೆಮಾರಿನಲ್ಲಿ ರೋಗ ಮತ್ತೆ ಹೊರಗೆ ಬರಬಹುದು.

ಇನ್ನು ಎರಡೂ ತಳಿಗಳಲ್ಲಿ ಒಂದೇ ರೋಗ ಇದ್ದರೆ ಬೆರಕೆಯಿಂದ ಮೊದಲ ತಲೆಮಾರಿನಲ್ಲೂ ರಕ್ಷಣೆ ಇಲ್ಲ. ನಿಮ್ಮ ಜೋಡಿಯ ವಿಷಯದಲ್ಲಿ ನನಗೆ ಆತಂಕವಿರುವುದು ಇಲ್ಲಿಯೇ. ಕಣ್ಣಿನ ರೆಟಿನಾ ಕ್ರಮೇಣ ಸವೆದು ಕುರುಡಾಗುವ, ಚುಟುಕಾಗಿ ಪಿಆರ್‌ಎ ಎಂದು ಕರೆಯುವ ರೋಗದ ಒಂದು ಬಗೆ ಲ್ಯಾಬ್ರಡಾರ್, ಪೂಡ್ಲ್, ಕಾಕರ್ ಸ್ಪ್ಯಾನಿಯಲ್, ಗೋಲ್ಡನ್ ರಿಟ್ರೀವರ್ ಎಲ್ಲದರಲ್ಲೂ ಇದೆ. ಇವುಗಳಲ್ಲಿ ಯಾವ ಎರಡನ್ನು ಬೆರೆಸಿದರೂ, ತಂದೆ ತಾಯಿ ಇಬ್ಬರೂ ಕ್ಯಾರಿಯರ್ ಆಗಿದ್ದರೆ, ಹುಟ್ಟುವ ಪ್ರತಿಯೊಂದು ಮರಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ತಳಿಯ ಹೆಸರು ಬೇರೆಯಾದ ಮಾತ್ರಕ್ಕೆ ಈ ಲೆಕ್ಕ ಬದಲಾಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಆರು ವರ್ಷದ ಒಂದು ಮಿಶ್ರತಳಿಯ ಗಂಡು ನಾಯಿಯನ್ನು ನನ್ನಲ್ಲಿಗೆ ಕರೆತಂದಿದ್ದರು. ಹಗಲಿನಲ್ಲಿ ಎಸೆದ ಚೆಂಡನ್ನು ಗಾಳಿಯಲ್ಲೇ ಹಿಡಿಯುತ್ತಿತ್ತು. ಮುಸ್ಸಂಜೆಯಾದರೆ ಮಹಡಿ ಮೆಟ್ಟಿಲ ತುದಿಯಲ್ಲಿ ನಿಂತು, ಮುಂಗಾಲನ್ನು ಕೆಳಗೆ ಚಾಚಿ, ಮೊದಲ ಮೆಟ್ಟಿಲನ್ನು ತಡಕಾಡಿ, ಸಿಕ್ಕದೆ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ವಯಸ್ಸಾಯಿತು, ಮಂಡಿ ನೋವಿರಬೇಕು ಎಂದು ಮನೆಯವರು ತಿಳಿದಿದ್ದರು. ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಾಯಿಸಿದಾಗ ಪಾಪೆ ಕಿರಿದಾಗದೆ ಅಗಲವಾಗಿಯೇ ಉಳಿಯಿತು, ಒಳಗಿನಿಂದ ಕಣ್ಣು ಅತಿಯಾಗಿ ಹೊಳೆಯಿತು. ಒಂದು ವರ್ಷದೊಳಗೆ ಅದು ಹಗಲಲ್ಲೂ ಗೋಡೆಗೆ ಢಿಕ್ಕಿ ಹೊಡೆಯತೊಡಗಿತು. ನನ್ನನ್ನು ಹೆಚ್ಚು ಬಾಧಿಸಿದ ಸಂಗತಿಯೆಂದರೆ, ರೋಗ ಕಾಣಿಸಿಕೊಳ್ಳುವ ಮೊದಲೇ, ಮೂರು ನಾಲ್ಕನೆಯ ವಯಸ್ಸಿನಲ್ಲಿ ಅದರಿಂದ ಎರಡು ಸೂಲು ಮರಿಗಳನ್ನು ಪಡೆದಿದ್ದರು. ಆಗ ನೋಡಿದ ಯಾವ ವೈದ್ಯರೂ ‘ನಾಯಿ ಆರೋಗ್ಯವಾಗಿದೆ’ ಎಂದೇ ಬರೆಯುತ್ತಿದ್ದರು, ಅದು ಸುಳ್ಳೂ ಆಗುತ್ತಿರಲಿಲ್ಲ. ಸ್ಟೆತಾಸ್ಕೋಪ್‌ಗೂ ಕಣ್ಣಿಗೂ ಕಾಣದ್ದನ್ನು ಹೇಳುವುದು ಡಿಎನ್‌ಎ ಪರೀಕ್ಷೆ ಮಾತ್ರ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಉಜ್ಜಿ ಅಥವಾ ಸ್ವಲ್ಪ ರಕ್ತ ತೆಗೆದು ಕಳಿಸಿದರಾಯಿತು. ಬದುಕಿನಲ್ಲಿ ಒಂದು ಸಲ ಮಾಡಿಸಿದರೆ ಸಾಕು. ಕ್ಯಾರಿಯರ್ ಎಂದು ಬಂದರೆ ಆ ನಾಯಿಯನ್ನು ತಳ್ಳಿಹಾಕಬೇಕಾಗಿಲ್ಲ. ಜೋಡಿಯ ಇನ್ನೊಂದು ನಾಯಿ ‘ಕ್ಲಿಯರ್’, ಅಂದರೆ ಎರಡೂ ಪ್ರತಿಗಳು ಸರಿಯಿರುವ ನಾಯಿ, ಆಗಿದ್ದರೆ ಯಾವ ಮರಿಗೂ ಆ ರೋಗ ಬರುವುದಿಲ್ಲ, ಸರಾಸರಿಯಲ್ಲಿ ಅರ್ಧದಷ್ಟು ಮರಿಗಳು ಕ್ಯಾರಿಯರ್ ಆಗುತ್ತವೆ ಅಷ್ಟೇ. ಕ್ಯಾರಿಯರ್‌ಗೆ ಕ್ಯಾರಿಯರ್ ಮಾತ್ರ ಬೇಡ.

ಎಲ್ಲವನ್ನೂ ಡಿಎನ್‌ಎ ಹೇಳುವುದಿಲ್ಲ ಎಂಬುದೂ ಗೊತ್ತಿರಲಿ. ಸೊಂಟದ ಕೀಲು ಸಡಿಲವಾಗಿ ಸವೆಯುವ ಹಿಪ್ ಡಿಸ್‌ಪ್ಲೇಸಿಯಾ ಒಂದು ಜೀನ್‌ನಿಂದ ಬರುವುದಲ್ಲ. ಹಲವು ಜೀನ್‌ಗಳ ಜೊತೆಗೆ ಮರಿಯಲ್ಲಿ ಬೆಳೆಸಿಕೊಂಡ ಬೊಜ್ಜು, ಜಾರುವ ಗ್ರಾನೈಟ್ ನೆಲದ ಮೇಲಿನ ಓಟ ಇವೂ ಸೇರಿಕೊಳ್ಳುತ್ತವೆ. ಇದು ಲ್ಯಾಬ್ರಡಾರ್‌ನಲ್ಲೂ ದೊಡ್ಡ ಪೂಡ್ಲ್‌ನಲ್ಲೂ ಇರುವುದರಿಂದ ಇಬ್ಬರಿಗೂ ಎಕ್ಸ್‌ರೇ ಬೇಕು. ನಾಯಿಗೆ ಮತ್ತಿನ ಔಷಧಿ ಕೊಟ್ಟು, ಅಂಗಾತ ಮಲಗಿಸಿ, ಎರಡೂ ಹಿಂಗಾಲುಗಳನ್ನು ನೇರವಾಗಿ ಚಾಚಿ ತೆಗೆದ ಚಿತ್ರ ಅದಾಗಿರಬೇಕು. ಎಚ್ಚರವಿರುವ ನಾಯಿಯನ್ನು ಪಕ್ಕಕ್ಕೆ ಮಲಗಿಸಿ ತೆಗೆದ ಚಿತ್ರದಿಂದ ಮರಿ ಮಾಡಿಸಬಹುದೇ ಎಂಬ ತೀರ್ಮಾನ ಮಾಡಲಾಗದು. ತೊಡೆಮೂಳೆಯ ಗುಂಡು ತುದಿ ಒರಳಿನಲ್ಲಿ ಗುಂಡುಕಲ್ಲು ಕೂತಂತೆ ಆಳವಾಗಿ ಕೂತಿದೆಯೇ, ಅಂಚಿಗೆ ಸರಿದಿದೆಯೇ ಎಂಬುದು ಅದರಲ್ಲಿ ಕಾಣುತ್ತದೆ. ಬ್ರಿಟನ್ನಿನಲ್ಲಿ ಇದಕ್ಕೆ ಒಂದೊಂದು ಕೀಲಿಗೆ 53ರಂತೆ ಒಟ್ಟು 106ರ ಅಂಕಪಟ್ಟಿ ಇದೆ, ಅಂಕ ಕಡಿಮೆಯಾದಷ್ಟೂ ಕೀಲು ಚೆನ್ನಾಗಿದೆ ಎಂದರ್ಥ. ಅಮೆರಿಕದ ಪದ್ಧತಿಯಲ್ಲಿ 24 ತಿಂಗಳು ತುಂಬಿದ ಮೇಲಷ್ಟೇ ಅಂತಿಮ ದರ್ಜೆ ಕೊಡುತ್ತಾರೆ. ನಿಮ್ಮ ನಾಯಿಗೆ ಆ ವಯಸ್ಸು ದಾಟಿದೆ. ಮುಂಗಾಲಿನ ಮೊಣಕೈ ಕೀಲಿನ ಚಿತ್ರವನ್ನೂ ಅದೇ ಮತ್ತಿನಲ್ಲಿ ತೆಗೆಸಿಬಿಡಿ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳಲ್ಲಿ ಯಾವುದು ಹತ್ತಿರವೋ ಅಲ್ಲಿ ವಿಚಾರಿಸಬಹುದು.

ಇವುಗಳ ಜೊತೆಗೆ ನಮ್ಮ ಊರುಗಳಿಗೆ ಬೇಕೇ ಬೇಕಾದ ಇನ್ನೆರಡು ಪರೀಕ್ಷೆಗಳಿವೆ. ಒಂದು, ರಕ್ತ ಹೀರುವ ಉಣ್ಣೆಹುಳುವಿನಿಂದ ಹರಡುವ ಎರ್ಲಿಕಿಯಾ ಮತ್ತು ಬಬೀಸಿಯಾ ಸೋಂಕುಗಳ ರಕ್ತಪರೀಕ್ಷೆ. ಮೇಲ್ನೋಟಕ್ಕೆ ಚೆನ್ನಾಗಿರುವ ನಾಯಿಯಲ್ಲೂ ಇವು ಅಡಗಿ ಕೂತಿರಬಹುದು. ಬಬೀಸಿಯಾ ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗಳಿಗೆ ದಾಟಬಲ್ಲದು. ಇನ್ನೊಂದು ಬ್ರೂಸೆಲ್ಲಾ. ಇದು ಜೋಡಿಯಾದಾಗ ಹರಡುವ, ಗರ್ಭ ಇಳಿಸುವ, ಮನುಷ್ಯರಿಗೂ ತಗಲುವ ಸೋಂಕು. ಆದ್ದರಿಂದ ಗಂಡು, ಹೆಣ್ಣು ಎರಡಕ್ಕೂ ಪರೀಕ್ಷೆಯಾಗಬೇಕು.

ಕೂದಲು ಮತ್ತು ಅಲರ್ಜಿಯ ವಿಷಯ. ಈ ಬೆರಕೆ ಜನಪ್ರಿಯವಾದದ್ದೇ ಆ ಕಾರಣಕ್ಕೆ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ ಅವರಿಗೆ ಹವಾಯಿಯ ಅಂಧ ಮಹಿಳೆಯೊಬ್ಬರಿಂದ ಬೇಡಿಕೆ ಬಂತು. ಆಕೆಯ ಪತಿಗೆ ನಾಯಿಯ ಅಲರ್ಜಿ. ಕಾನ್ರನ್ ಲ್ಯಾಬ್ರಡಾರ್‌ಗೆ ಪೂಡ್ಲ್ ಬೆರೆಸಿದರು, ಮೂರು ಮರಿಗಳಾದವು, ಅವುಗಳ ಕೂದಲು ಮತ್ತು ಜೊಲ್ಲಿನ ಮಾದರಿಯನ್ನು ಹವಾಯಿಗೆ ಕಳಿಸಿದಾಗ ಆ ಪತಿಗೆ ಒಗ್ಗಿದ್ದು ಮೂರರಲ್ಲಿ ಒಂದು ಮಾತ್ರ. ಅಲರ್ಜಿ ತರುವ ಪ್ರೋಟೀನ್ ನಾಯಿಯ ಜೊಲ್ಲಿನಲ್ಲೂ ಚರ್ಮದ ಹೊಟ್ಟಿನಲ್ಲೂ ಇರುತ್ತದೆ, ಕೂದಲು ಗುಂಗುರಾದರೆ ಅದು ಇಲ್ಲವಾಗುವುದಿಲ್ಲ. ಮುಂದೆ ಕಾನ್ರನ್ ಅವರೇ ಪರೀಕ್ಷೆಯಿಲ್ಲದೆ ಹಣಕ್ಕಾಗಿ ನಡೆಯುತ್ತಿದ್ದ ಬೆರಕೆಯನ್ನು ಕಂಡು, ತಾವು ಈ ದಾರಿ ತೆರೆದದ್ದಕ್ಕೆ ಬಹಿರಂಗವಾಗಿ ವಿಷಾದಪಟ್ಟರು. ಅಲರ್ಜಿ ಇರುವ ಮನೆಗೆ ಮರಿ ಕೊಡುವ ಮೊದಲು ಆ ವ್ಯಕ್ತಿ ಅದೇ ಮರಿಯ ಜೊತೆ ಕೆಲವು ದಿನ ಬಂದು ಕೂತು ನೋಡಲಿ. ‘ನಮ್ಮ ಮರಿಯಿಂದ ಅಲರ್ಜಿ ಆಗದು’ ಎಂದು ನೀವು ಯಾರಿಗೂ ಮಾತು ಕೊಡಬೇಡಿ.

ಇಷ್ಟೆಲ್ಲ ವರದಿಗಳು ಕೈಗೆ ಬರಲು ವಾರಗಳು ಹಿಡಿಯುತ್ತವೆ. ಮುಂದಿನ ಬೆದೆ ತಪ್ಪಿದರೆ ಚಿಂತೆಯಿಲ್ಲ, ಸುಮಾರು ಆರು ಏಳು ತಿಂಗಳಲ್ಲಿ ಇನ್ನೊಂದು ಬರುತ್ತದೆ.

ಪ್ರಶ್ನೆ: ಹೆಣ್ಣು ನಾಯಿಗೆ ಒಂದು ಸಲವಾದರೂ ಮರಿ ಹಾಕಿಸದಿದ್ದರೆ ಗರ್ಭಕೋಶದ ರೋಗ ಬರುತ್ತದೆ, ಸ್ವಭಾವವೂ ಕೆಡುತ್ತದೆ ಎಂದು ನೆರೆಯವರು ಹೇಳುತ್ತಾರೆ. ನಮಗೆ ಮರಿಗಳು ಬೇಡ, ಆದರೆ ಅದರ ಆರೋಗ್ಯಕ್ಕಾಗಿ ಯಾವುದಾದರೂ ಗಂಡು ನಾಯಿಯ ಜೊತೆ ಬಿಡಬೇಕೆ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಬೇಡ, ಸರ್. ಮರಿ ಹಾಕುವುದರಿಂದ ನಾಯಿಯ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಎಂಬ ರೋಗದ ಭಯದಿಂದ ಈ ಮಾತು ಹುಟ್ಟಿರಬೇಕು. ಆದರೆ ಒಂದು ಸೂಲು ಆದ ನಾಯಿಗೂ ಅದು ಬರುತ್ತದೆ. ಬೆದೆ ಮುಗಿದು ಕೆಲವು ವಾರಗಳಾದ ಮೇಲೆ ನಾಯಿ ಮಂಕಾಗಿ, ಊಟ ಬಿಟ್ಟು, ವಿಪರೀತ ನೀರು ಕುಡಿಯತೊಡಗಿದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಈ ರೋಗವನ್ನು ನಿಜವಾಗಿ ತಡೆಯುವುದು ಗರ್ಭಕೋಶ ಮತ್ತು ಅಂಡಾಶಯ ತೆಗೆಯುವ ಶಸ್ತ್ರಚಿಕಿತ್ಸೆ. ಮರಿ ಬೇಡವೆಂಬ ತೀರ್ಮಾನ ನಿಮಗೆ ಈಗಾಗಲೇ ಇದೆ. ನಿಮ್ಮ ನಾಯಿಗೆ ಯಾವ ವಯಸ್ಸಿನಲ್ಲಿ ಮಾಡಿಸುವುದು ಒಳ್ಳೆಯದು ಎಂಬುದನ್ನು ತಳಿ ಮತ್ತು ಗಾತ್ರ ನೋಡಿ ನಿಮ್ಮ ವೈದ್ಯರು ಹೇಳುತ್ತಾರೆ. ಯಾರಿಗೂ ಬೇಡದ ಆರೇಳು ಮರಿಗಳನ್ನು ಹುಟ್ಟಿಸಿ ಆಮೇಲೆ ಮನೆ ಹುಡುಕುವ ಸಂಕಟ ನಿಮಗೂ ಬೇಡ, ಅವಕ್ಕೂ ಬೇಡ.

ಪ್ರಶ್ನೆ: ನಮ್ಮದು ಹೊಲದ ಮನೆ. ಮೂರು ವರ್ಷದ ಅಪ್ಪಟ ಮುಧೋಳ ಹೆಣ್ಣು ನಾಯಿ ಇದೆ. ಕಾವಲಿಗೆ ಇನ್ನೂ ಜೋರಾದ ನಾಯಿ ಬೇಕೆಂದು ಗೆಳೆಯರ ಡಾಬರ್‌ಮನ್ ಜೊತೆ ಕ್ರಾಸ್ ಮಾಡಿಸುವ ಯೋಚನೆ. ಮುಧೋಳ ಗಟ್ಟಿ ನಾಯಿ, ಅದಕ್ಕೆ ಪರೀಕ್ಷೆ ಯಾಕೆ ಎನ್ನುತ್ತಾರೆ. ತಮ್ಮ ಸಲಹೆ ಏನ್ರಿ?
— ರೈತರು, ಜಮಖಂಡಿ ತಾಲ್ಲೂಕು

ಉತ್ತರ: ಮೊದಲು ಡಾಬರ್‌ಮನ್ ಬಗ್ಗೆ ಹೇಳುತ್ತೇನೆ. ಈ ತಳಿಯಲ್ಲಿ ಹೃದಯದ ಸ್ನಾಯು ತೆಳುವಾಗಿ, ಹೃದಯ ಹಿಗ್ಗಿ, ಬಡಿತ ತಪ್ಪಿ, ನಡುವಯಸ್ಸಿನ ನಾಯಿ ಇದ್ದಕ್ಕಿದ್ದಂತೆ ಬಿದ್ದು ಸಾಯುವ ರೋಗ ವ್ಯಾಪಕವಾಗಿದೆ. ಇದಕ್ಕೆ ಯಾವ ಒಂದು ಡಿಎನ್‌ಎ ಪರೀಕ್ಷೆಯೂ ಸಾಲದು. ಹೃದಯದ ಸ್ಕ್ಯಾನ್ ಮಾಡಿಸಬೇಕು, ಮೈಗೆ ಯಂತ್ರ ಕಟ್ಟಿ 24 ಗಂಟೆ ಹೃದಯದ ಬಡಿತವನ್ನು ದಾಖಲಿಸಬೇಕು, ಅದನ್ನೂ ವರ್ಷವರ್ಷ ಮಾಡಬೇಕು. ರಕ್ತ ಬೇಗ ಹೆಪ್ಪುಗಟ್ಟದ ಫಾನ್ ವಿಲೆಬ್ರಾಂಡ್ ರೋಗಕ್ಕಾದರೆ ಡಿಎನ್‌ಎ ಪರೀಕ್ಷೆ ಇದೆ. ಗೆಳೆಯರ ನಾಯಿಗೆ ಇವು ಯಾವುವೂ ಆಗಿರಲಾರವು ಎಂದುಕೊಳ್ಳುತ್ತೇನೆ.

ಆದರೆ ನನ್ನ ಮನಸ್ಸಿನಲ್ಲಿರುವುದು ನಿಮ್ಮ ಹೆಣ್ಣು ನಾಯಿ. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ, 2005ರಲ್ಲಿ ಭಾರತೀಯ ಅಂಚೆ ಇಲಾಖೆಯ ಚೀಟಿಯ ಮೇಲೆ ಬಂದ, ಸೇನೆಯೂ ಮೀರತ್‌ಗೆ ಮರಿಗಳನ್ನು ಒಯ್ದು ತರಬೇತಿ ಕೊಟ್ಟ ತಳಿ ಅದು. ಅಪ್ಪಟ ತಳಿಯ, ಒಳ್ಳೆಯ ಸ್ವಭಾವದ ಒಂದು ಹೆಣ್ಣು ತನ್ನ ಬಾಳಿನಲ್ಲಿ ಹಾಕಬಹುದಾದ ಸೂಲುಗಳು ಬೆರಳೆಣಿಕೆಯಷ್ಟು. ಅದರಲ್ಲಿ ಒಂದನ್ನು ಬೆರಕೆಗೆ ಕೊಟ್ಟರೆ ತಳಿಗೆ ಅಷ್ಟು ನಷ್ಟ. ಮುಧೋಳ ಓಟದ ನಾಯಿ. ಡಾಬರ್‌ಮನ್ ಮನುಷ್ಯನ ಪಕ್ಕದಲ್ಲಿ ನಿಂತು ಕಾಯುವ ನಾಯಿ. ಎರಡರ ಗುಣವೂ ಒಂದೇ ಮರಿಯಲ್ಲಿ ನಾವು ಬಯಸಿದ ಅಳತೆಯಲ್ಲಿ ಬರುತ್ತದೆ ಎಂದು ಹೇಳಲಾಗದು. ಮುಧೋಳದ ಚುರುಕು ಬೇಟೆ ಬುದ್ಧಿಯೂ ಡಾಬರ್‌ಮನ್‌ನ ಗುಂಡಿಗೆಯ ರೋಗವೂ ಒಟ್ಟಿಗೇ ಬರಬಹುದು. ನಿಮ್ಮ ತಾಲ್ಲೂಕಿಗೆ ಹತ್ತಿರದಲ್ಲೇ, ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ, ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ನಾಯಿಯನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿ, ರಕ್ತಸಂಬಂಧವಿಲ್ಲದ ಮುಧೋಳ ಗಂಡನ್ನೇ ಹುಡುಕಿ. ಅಪ್ಪಟ ತಳಿಯಲ್ಲೂ ಅಣ್ಣ ತಂಗಿ, ತಂದೆ ಮಗಳ ಜೋಡಿ ಮಾಡಿದರೆ ಅಡಗಿದ ರೋಗಗಳು ಮೇಲೆ ಬರುತ್ತವೆ, ಆದ್ದರಿಂದ ಹಿಂದಿನ ಮೂರು ತಲೆಮಾರಿನ ವಿವರ ಕೇಳಿಕೊಳ್ಳಿ.

ಇನ್ನೊಂದು ಮಾತು. ಮುಧೋಳದ ಮೈಯಲ್ಲಿ ಕೊಬ್ಬು ತೀರ ಕಡಿಮೆ. ಎಕ್ಸ್‌ರೇಗಾಗಲಿ ಸಿಸೇರಿಯನ್‌ಗಾಗಲಿ ಮತ್ತಿನ ಔಷಧಿ ಕೊಡಬೇಕಾಗಿ ಬಂದರೆ ‘ಇದು ಮುಧೋಳ’ ಎಂದು ವೈದ್ಯರಿಗೆ ಮೊದಲೇ ಹೇಳಿಬಿಡಿ. ಇಂಥ ಓಟದ ನಾಯಿಗಳು ಕೆಲವು ಮತ್ತಿನ ಔಷಧಿಗಳಿಂದ ಎಚ್ಚರಗೊಳ್ಳಲು ಬಹಳ ಹೊತ್ತು ತೆಗೆದುಕೊಳ್ಳುತ್ತವೆ.

ಪ್ರಶ್ನೆ: ನಾಲ್ಕೂವರೆ ಕಿಲೋ ತೂಕದ ನಮ್ಮ ಪಾಮರೇನಿಯನ್ ಬೆದೆಯಲ್ಲಿದ್ದಾಗ ಗೇಟು ತೆರೆದಿದ್ದ ಸಮಯದಲ್ಲಿ ಹೊರಗೆ ಓಡಿತು. ಬೀದಿಯ ದೊಡ್ಡ ಗಂಡು ನಾಯಿಯ ಜೊತೆ ಲಾಕ್ ಆಗಿಬಿಟ್ಟಿತ್ತು. ಹನ್ನೆರಡು ದಿನಗಳಾದವು. ತುಂಬ ಗಾಬರಿಯಾಗಿದೆ. ಈಗ ಏನು ಮಾಡಬೇಕು? ಔಷಧಿ ಅಂಗಡಿಯವರು ಒಂದು ಇಂಜೆಕ್ಷನ್ ಹೆಸರು ಹೇಳಿದ್ದಾರೆ.
— ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಗಾಬರಿಯಾಗಬೇಡಮ್ಮ, ಇನ್ನೂ ಸಮಯವಿದೆ. ಔಷಧಿ ಅಂಗಡಿಯ ಇಂಜೆಕ್ಷನ್ ಮಾತ್ರ ಖಂಡಿತ ಬೇಡ. ಹಿಂದೆ ಇಂಥ ಸಂದರ್ಭಗಳಲ್ಲಿ ಕೊಡುತ್ತಿದ್ದ ಈಸ್ಟ್ರೋಜನ್ ಚುಚ್ಚುಮದ್ದು ಗರ್ಭಕೋಶದಲ್ಲಿ ಕೀವಾಗಲು ಕಾರಣವಾಗುತ್ತದೆ, ಮೂಳೆಯ ಮಜ್ಜೆಯನ್ನೇ ಕುಗ್ಗಿಸಿ ರಕ್ತ ಉತ್ಪತ್ತಿಯನ್ನು ನಿಲ್ಲಿಸಲೂಬಹುದು. ನಾಯಿಯನ್ನು ಈ ವಾರವೇ ಪಶುವೈದ್ಯರಿಗೆ ತೋರಿಸು. ಮುಂದೆಯೂ ಮರಿಗಳು ಬೇಡವೆಂದಾದರೆ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಸರಳವಾದ ದಾರಿ. ಅದಕ್ಕೆ ಸರಿಯಾದ ದಿನವನ್ನು ವೈದ್ಯರು ನಿರ್ಧರಿಸುತ್ತಾರೆ. ಬೀದಿಯ ಗಂಡು ನಾಯಿಯ ಸಂಪರ್ಕವಾಗಿರುವುದರಿಂದ ಬ್ರೂಸೆಲ್ಲಾ ಪರೀಕ್ಷೆ ಮಾಡಿಸು. ಮುಂದಿನ ತಿಂಗಳುಗಳಲ್ಲಿ ಯೋನಿಯಿಂದ ರಕ್ತದ ಹನಿ ಬೀಳುತ್ತಿದ್ದರೆ ಅಥವಾ ಹೂಕೋಸಿನಂಥ ಗಡ್ಡೆ ಕಂಡರೆ ಕೂಡಲೇ ತೋರಿಸು. ನಮ್ಮಲ್ಲಿ ಬೀದಿನಾಯಿಗಳ ನಡುವೆ ಜೋಡಿಯಾದಾಗ ಹರಡುವ ಒಂದು ಬಗೆಯ ಗಡ್ಡೆ ಸಾಮಾನ್ಯವಾಗಿದೆ, ಪತ್ತೆ ಹಚ್ಚಿದರೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ.

ಮನೆಯವರು ಮರಿಗಳನ್ನು ಉಳಿಸಿಕೊಳ್ಳೋಣ ಎಂದರೆ ಸಿದ್ಧತೆ ಹೀಗಿರಲಿ. ಜೋಡಿಯಾದ 28ನೆಯ ದಿನದ ಹೊತ್ತಿಗೆ ಸ್ಕ್ಯಾನ್ ಮಾಡಿಸಿದರೆ ಗಬ್ಬವಾಗಿದೆಯೇ ಎಂದು ತಿಳಿಯುತ್ತದೆ. 55 ದಿನ ದಾಟಿದ ಮೇಲೆ ಒಂದು ಎಕ್ಸ್‌ರೇ ತೆಗೆಸಿದರೆ ಮರಿಗಳ ಸಂಖ್ಯೆಯೂ ತಲೆಯ ಗಾತ್ರವೂ ಗೊತ್ತಾಗುತ್ತದೆ. ಸಣ್ಣ ತಾಯಿ, ದೊಡ್ಡ ತಂದೆ ಎಂದಾಗ ಈ ಎಕ್ಸ್‌ರೇ ತಪ್ಪಿಸುವಂತಿಲ್ಲ, ಏಕೆಂದರೆ ಒಂದೋ ಎರಡೋ ಮರಿಗಳಿದ್ದರೆ ಅವು ಹೊಟ್ಟೆಯಲ್ಲೇ ದೊಡ್ಡದಾಗಿ ಬೆಳೆದು ದಾರಿಯಲ್ಲಿ ಸಿಕ್ಕಿಕೊಳ್ಳಬಹುದು. ಹೆರಿಗೆ ಸಾಮಾನ್ಯವಾಗಿ 63 ದಿನಗಳ ಆಸುಪಾಸಿನಲ್ಲಿ ಆಗುತ್ತದೆ. ಕೊನೆಯ ವಾರ ದಿನಕ್ಕೆರಡು ಸಲ ಗುದದ್ವಾರದ ತಾಪ ನೋಡು. 101-102 ಡಿಗ್ರಿ ಇದ್ದದ್ದು 99ಕ್ಕಿಂತ ಕೆಳಗಿಳಿದರೆ ಒಂದು ದಿನದೊಳಗೆ ಹೆರಿಗೆ. ರಾತ್ರಿ ಸಿಸೇರಿಯನ್ ಮಾಡಬಲ್ಲ ವೈದ್ಯರ ಫೋನ್ ನಂಬರನ್ನು ಮೊದಲೇ ಬರೆದಿಟ್ಟುಕೊ. ಅರ್ಧ ಗಂಟೆ ಜೋರಾಗಿ ತಿಣುಕಿಯೂ ಮರಿ ಬಾರದಿದ್ದರೆ, ಮೊದಲ ಮರಿ ಬರುವ ಮುನ್ನವೇ ಹಸಿರು ಸ್ರಾವ ಕಂಡರೆ, ಒಳಗೆ ಮರಿಯಿದೆಯೆಂದು ಗೊತ್ತಿದ್ದೂ ಎರಡು ಗಂಟೆ ಸುಮ್ಮನಿದ್ದರೆ ಕಾಯಬಾರದು.

ಗಬ್ಬದ ನಾಯಿಗೆ ಕ್ಯಾಲ್ಸಿಯಂ ಟಾನಿಕ್ ಕೊಡಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ವೈದ್ಯರು ಹೇಳದೆ ಕೊಡಬೇಡ. ಹೊರಗಿನಿಂದ ಸುರಿದ ಕ್ಯಾಲ್ಸಿಯಂಗೆ ಒಗ್ಗಿಕೊಂಡ ಮೈ, ಹಾಲೂಡಿಸುವಾಗ ತನ್ನ ಮೂಳೆಯಿಂದ ಬೇಕಾದಷ್ಟು ತೆಗೆದುಕೊಳ್ಳುವುದನ್ನು ಮರೆಯುತ್ತದೆ. ಹೆರಿಗೆಯ ಎರಡು ಮೂರು ವಾರಗಳ ನಂತರ ಸಣ್ಣ ನಾಯಿ ಏದುಸಿರು ಬಿಡುತ್ತ, ಕಾಲು ಸೆಟೆದು, ನಡುಗುತ್ತ ಬೀಳುವುದಕ್ಕೆ ಇದೂ ಒಂದು ಕಾರಣ. ಹಾಗಾದರೆ ಅದು ತುರ್ತುಸ್ಥಿತಿ, ಬೆಳಗಾಗಲಿ ಎನ್ನುವಂತಿಲ್ಲ.

ಪ್ರಶ್ನೆ: ನಮ್ಮ ಕೋಲಿ-ಜರ್ಮನ್ ಶೆಫರ್ಡ್ ಕ್ರಾಸ್ ಹೆಣ್ಣಿಗೆ ಕಜ್ಜಿಯಾದಾಗ ಐವರ್ಮೆಕ್ಟಿನ್ ಚುಚ್ಚುಮದ್ದು ಕೊಟ್ಟರು. ಜೊಲ್ಲು ಸುರಿಸಿ, ತೂರಾಡಿ, ಎರಡು ದಿನ ಎಚ್ಚರ ತಪ್ಪಿ ಮಲಗಿತ್ತು, ಹೇಗೋ ಬದುಕಿತು. ಅದರ ಮರಿಗಳಿಗೂ ಹೀಗಾಗಬಹುದೇ?
— ಓದುಗರು, ಮಂಗಳೂರು

ಉತ್ತರ: ಆಗಬಹುದು. ಔಷಧಿಯನ್ನು ಮಿದುಳಿನಿಂದ ಹೊರಗಿಡುವ ಎಂಡಿಆರ್1 ಎಂಬ ಜೀನ್ ಕೆಟ್ಟಿರುವುದು ಕೋಲಿಗಳಲ್ಲಿ ಬಹಳ ಸಾಮಾನ್ಯ, ಜರ್ಮನ್ ಶೆಫರ್ಡ್‌ಗಳಲ್ಲಿಯೂ ಅಲ್ಲಲ್ಲಿ ಇದೆ. ಒಂದೇ ಪ್ರತಿ ಕೆಟ್ಟಿದ್ದರೂ ಹೆಚ್ಚಿನ ಪ್ರಮಾಣದ ಔಷಧಿಗೆ ತೊಂದರೆಯಾಗಬಹುದು ಎಂಬ ಕಾರಣಕ್ಕೆ ಈ ರೋಗ ಮಿಶ್ರತಳಿಯಲ್ಲಿ ಅಡಗಿಕೊಳ್ಳುವ ಬಗೆಯದಲ್ಲ. ತಾಯಿಗೂ, ಈಗಾಗಲೇ ಹುಟ್ಟಿದ ಮರಿಗಳಿಗೂ ಪರೀಕ್ಷೆ ಮಾಡಿಸಿ, ವರದಿಯನ್ನು ಮರಿ ಕೊಂಡವರ ಕೈಗೂ ತಲುಪಿಸಿ. ಭೇದಿ ನಿಲ್ಲಿಸಲು ಮನೆಯಲ್ಲಿ ಇಟ್ಟುಕೊಳ್ಳುವ ಲೋಪೆರಮೈಡ್ ಮಾತ್ರೆಯೂ ಇವಕ್ಕೆ ವಿಷವಾಗುತ್ತದೆ. ಮನೆಯಲ್ಲಿ ದನಗಳಿದ್ದರೆ ಇನ್ನೊಂದು ಎಚ್ಚರ ಬೇಕು: ದನಕ್ಕೆ ಐವರ್ಮೆಕ್ಟಿನ್ ಕೊಟ್ಟ ಮೇಲೆ ಅದರ ಸೆಗಣಿಯಲ್ಲೂ ಔಷಧಿ ಇಳಿದುಬರುತ್ತದೆ, ಕೊಟ್ಟಿಗೆಯಲ್ಲಿ ಸೆಗಣಿಗೆ ಬಾಯಿ ಹಾಕುವ ನಾಯಿಗೆ ಅಷ್ಟೇ ಸಾಕು. ಉಣ್ಣೆ, ಕಜ್ಜಿಗಳಿಗೆ ಬೇರೆ ಸುರಕ್ಷಿತ ಔಷಧಿಗಳಿವೆ.

ಪ್ರಶ್ನೆ: ಮನೆಯಲ್ಲಿ ಹುಟ್ಟಿದ ಮರಿಗಳನ್ನು ಮಾರಲು ಪರವಾನಗಿ ಬೇಕೆ? ರಾಟ್‌ವೀಲರ್ ಕ್ರಾಸ್‌ಗಳನ್ನು ನಿಷೇಧಿಸಲಾಗಿದೆ ಎಂಬುದು ನಿಜವೇ?
— ಓದುಗರು, ಹುಬ್ಬಳ್ಳಿ

ಉತ್ತರ: ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ನಿಯಮಗಳನ್ನು ತಂದಿದೆ. ಅದರ ಪ್ರಕಾರ ಮಾರಾಟಕ್ಕಾಗಿ ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. 18 ತಿಂಗಳು ತುಂಬದ, 8 ವರ್ಷ ದಾಟಿದ ಹೆಣ್ಣನ್ನು ಮರಿಗೆ ಬಳಸುವಂತಿಲ್ಲ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು, ಬಾಳಿನಲ್ಲಿ 5ಕ್ಕಿಂತ ಹೆಚ್ಚು ಸೂಲು ಹಾಕಿಸುವಂತಿಲ್ಲ, 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಕೆಲವು ತಳಿಗಳನ್ನೂ ಅವುಗಳ ಮಿಶ್ರತಳಿಗಳನ್ನೂ ನಿರ್ಬಂಧಿಸಬೇಕೆಂದು ಕೇಂದ್ರವು 2024ರ ಮಾರ್ಚ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ನಮ್ಮ ಹೈಕೋರ್ಟ್ ಅದೇ ವರ್ಷದ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಸ್ಥಳೀಯ ನಿಯಮಗಳು ಬದಲಾಗುತ್ತಿರುವುದರಿಂದ ನಿಮ್ಮ ಮಹಾನಗರ ಪಾಲಿಕೆಯ ಪಶುವೈದ್ಯ ವಿಭಾಗದಲ್ಲಿ ಒಮ್ಮೆ ಕೇಳಿಕೊಳ್ಳಿ. ರಾಟ್‌ವೀಲರ್‌ನ ಸೊಂಟ ಮತ್ತು ಮೊಣಕೈ ಕೀಲುಗಳ ಎಕ್ಸ್‌ರೇ ಆಗಿಲ್ಲದಿದ್ದರೆ, ಕಾನೂನು ಬಿಟ್ಟರೂ ನಾನು ಜೋಡಿ ಮಾಡಿಸಿ ಎನ್ನಲಾರೆ.

ಪ್ರಶ್ನೆ: ಗೋಲ್ಡನ್-ಲ್ಯಾಬ್ ಕ್ರಾಸ್‌ನ ಏಳು ಮರಿಗಳಿಗೆ ಈಗ 34 ದಿನ. ಬೇಗ ಕೊಟ್ಟರೆ ಹೊಸ ಮನೆಗೆ ಬೇಗ ಒಗ್ಗುತ್ತವೆ ಎಂದು ಕೇಳಿದವರೆಲ್ಲ ಅವಸರ ಮಾಡುತ್ತಿದ್ದಾರೆ. ನಮಗೂ ನೋಡಿಕೊಳ್ಳುವುದು ಕಷ್ಟವಾಗುತ್ತಿದೆ. ಯಾವಾಗ ಕೊಡಬಹುದು? ಕೊಡುವಾಗ ಏನೇನು ಕೊಡಬೇಕು?
— ದಂಪತಿ, ಹಾಸನ

ಉತ್ತರ: ಏಳು ಮರಿಗಳ ಮನೆಯ ಕಷ್ಟ ನನಗೆ ಗೊತ್ತು. ಆದರೂ ಇನ್ನು 22 ದಿನ ತಡೆದುಕೊಳ್ಳಿ. ಕಾನೂನಿಗಾಗಿ ಮಾತ್ರವಲ್ಲ. ಐದರಿಂದ ಎಂಟನೆಯ ವಾರದವರೆಗೆ ಮರಿ ತನ್ನ ಒಡಹುಟ್ಟುಗಳ ಕಿವಿ ಕಚ್ಚಿ, ಅವು ಕಿರುಚಿದಾಗ ಬಿಟ್ಟು, ಎಷ್ಟು ಬಲವಾಗಿ ಕಚ್ಚಬಾರದು ಎಂಬುದನ್ನು ಕಲಿಯುತ್ತದೆ. ಈ ಪಾಠ ತಪ್ಪಿದ ಮರಿಗಳು ಹೊಸ ಮನೆಯ ಮಕ್ಕಳ ಕೈಯನ್ನು ಅದೇ ಬಲದಲ್ಲಿ ಹಿಡಿಯುತ್ತವೆ. ಮೇಲಾಗಿ ಗಿಣ್ಣು ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಕುಗ್ಗುತ್ತಿರುವ, ಲಸಿಕೆಯ ಶಕ್ತಿ ಇನ್ನೂ ಬಂದಿಲ್ಲದ ವಾರಗಳಿವು. ಈಗ ಬಸ್ಸಿನಲ್ಲಿ, ಊರಿಂದೂರಿಗೆ ಸಾಗಿಸಿದರೆ ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೋ ವೈರಸ್ ತಗಲುವ ಅಪಾಯ ಹೆಚ್ಚು.

ಜಂತುಹುಳುವಿನ ಔಷಧಿಯನ್ನು ಎರಡನೆಯ ವಾರದಿಂದ ಹದಿನೈದು ದಿನಕ್ಕೊಮ್ಮೆ ಕೊಡುತ್ತಿರಬೇಕು, ಏಕೆಂದರೆ ಹುಳುಗಳು ತಾಯಿಯ ಹೊಟ್ಟೆಯಲ್ಲೇ, ಹಾಲಿನ ಮೂಲಕವೂ ಮರಿಗೆ ಬಂದಿರುತ್ತವೆ. ಮೊದಲ ಲಸಿಕೆ ಆರರಿಂದ ಎಂಟನೆಯ ವಾರದ ನಡುವೆ, ನಂತರ ಮೂರು ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಬುಟ್ಟಿಯಿಟ್ಟು ಮರಿಗಳನ್ನು ತೂಗಿ ಬರೆದಿಡುತ್ತಿದ್ದರೆ ಒಳ್ಳೆಯದು. ಆರು ಮರಿ ಏರುತ್ತಿದ್ದು ಒಂದು ಮಾತ್ರ ನಿಂತಲ್ಲೇ ನಿಂತಿದ್ದರೆ, ಅದನ್ನು ಕೊಡುವ ಮೊದಲು ವೈದ್ಯರು ಹೃದಯ ಪರೀಕ್ಷಿಸಬೇಕು. ಗೋಲ್ಡನ್‌ಗಳಲ್ಲಿ ಹುಟ್ಟಿನಿಂದಲೇ ಹೃದಯದ ದೋಷವಿರುವ ಮರಿಗಳು ಆಗಾಗ ಬರುತ್ತವೆ, ಮಿಶ್ರತಳಿಯಲ್ಲೂ ನೋಡಿದ್ದೇನೆ.

ಮರಿಯ ಜೊತೆ ಲಸಿಕೆ ಮತ್ತು ಜಂತುಹುಳು ಔಷಧಿಯ ಪುಸ್ತಕ, ತಂದೆ ತಾಯಿ ಇಬ್ಬರ ಪರೀಕ್ಷಾ ವರದಿಗಳ ನಕಲು, ಈಗ ತಿನ್ನುತ್ತಿರುವ ಆಹಾರದ ವಿವರ, ತಾಯಿ ಮಲಗಿದ್ದ ಬಟ್ಟೆಯ ಒಂದು ತುಂಡು ಕೊಡಿ. ಪರೀಕ್ಷೆ ಮಾಡಿಸಿರದಿದ್ದರೆ ಮಾಡಿಸಿಲ್ಲವೆಂದೇ ಹೇಳಿ, ಈಗಲಾದರೂ ತಂದೆ ತಾಯಿಗಳ ಡಿಎನ್‌ಎ ಮಾಡಿಸಿ ಫಲಿತಾಂಶವನ್ನು ಏಳು ಮನೆಗಳಿಗೂ ತಿಳಿಸಿ. ಒಂದು ಬಿಳಿ ಹಾಳೆಯಲ್ಲಿ ಎರಡು ಸಾಲು ಬರೆದು ಸಹಿ ಹಾಕಿ ಕೊಡುವುದನ್ನೂ ನಾನು ಬಲವಾಗಿ ಹೇಳುತ್ತೇನೆ: ಯಾವ ಕಾರಣಕ್ಕಾಗಲಿ, ಯಾವ ವಯಸ್ಸಿನಲ್ಲಾಗಲಿ ಸಾಕಲು ಆಗದಿದ್ದರೆ ನಾಯಿಯನ್ನು ಬೀದಿಗೆ ಬಿಡದೆ ನಮಗೇ ಮರಳಿಸಬೇಕು ಎಂದು, ಕೆಳಗೆ ನಿಮ್ಮ ಫೋನ್ ನಂಬರ್. ಹಾಗೆ ಬರೆದುಕೊಡಲು ನಿಮ್ಮ ಮನೆಯಲ್ಲಿ ಜಾಗವಿಲ್ಲವೆನಿಸಿದರೆ ಮುಂದಿನ ಬೆದೆಗೆ ಮೊದಲೇ ತಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸಿ. ಮರಿಗಳು ಪೂರ್ತಿ ಹಾಲು ಬಿಟ್ಟು, ಮೊಲೆಗಳು ಒಣಗಿ ಕುಗ್ಗಿದ ಮೇಲೆ ಅದಕ್ಕೆ ದಿನ ಗೊತ್ತು ಮಾಡಿಕೊಳ್ಳಬಹುದು.